ಒಬ್ಬರಿಗೆ ದಾವಣಗೆರೆ, ಇನ್ನೊಬ್ಬರಿಗೆ ಶಿವಮೊಗ್ಗ: ಮನೆ ಎಲ್ಲಿ ಮಾಡೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮನೆ, ಸೈಟು, ಸಾಲ ಅಂತ ನಾವು ಮಾತಾಡೋಕೆ ಶುರು ಮಾಡಿದಾಗಿಂದ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬೆಂಗಳೂರಿನವೇ. ವೈಟ್‌ಫೀಲ್ಡಾ ಹೊಸಕೋಟೆನಾ, ಕೆಂಗೇರಿನಾ ಬಿಡದಿನಾ, ಹೀಗೆ. ಹಾಗಾಗಿ ಮೂರು ತಿಂಗಳ ಹಿಂದೆ ಚನ್ನಗಿರಿ ಕಡೆಯಿಂದ ಒಂದು ವಾಯ್ಸ್ ಮೆಸೇಜ್ ಬಂದಾಗ ನನಗೆ ಬಹಳ ಖುಷಿಯಾಯ್ತು. ಕೇಳ್ತಾ ಹೋದಂಗೆ ಖುಷಿ ಸ್ವಲ್ಪ ಇಳೀತು.

ಕಳಿಸಿದ್ದು ಒಬ್ಬ ಹೆಣ್ಣುಮಗಳು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಯಜಮಾನರು ಶಿವಮೊಗ್ಗದ ಒಂದು ಶಾಲೆಯಲ್ಲಿ ಮೇಷ್ಟ್ರು. ಆಕೆ ಮಗುವಿನ ಜೊತೆ ದಾವಣಗೆರೆಯಲ್ಲಿ ಬಾಡಿಗೆ ಮನೇಲಿದ್ದಾರೆ. ಅವರು ಶಿವಮೊಗ್ಗದಲ್ಲಿ ಒಂದು ರೂಮ್ ಮಾಡ್ಕೊಂಡು ಶನಿವಾರ ಸಾಯಂಕಾಲ ಮನೆಗೆ ಬರ್ತಾರೆ, ಸೋಮವಾರ ಬೆಳಗಾಗೋ ಮುಂಚೆ ಎದ್ದು ಹೊರಡ್ತಾರೆ. ಆಕೆ ಹೇಳಿದ ಮಾತು ಹೀಗಿತ್ತು: "ಸರ್, ನಮ್ದು ವಾರಕ್ಕೊಂದಿನದ ಸಂಸಾರ ಆಗೋಗಿದೆ. ಮಗಳು ಅಪ್ಪ ಯಾವಾಗ ಬರ್ತಾರೆ ಅಂತ ಕೇಳೋದನ್ನೂ ಬಿಟ್ಟಿದಾಳೆ." ಜೂನ್‌ಗೆ ಆ ಮಗುವನ್ನ ಎಲ್‌ಕೆಜಿಗೆ ಸೇರಿಸ್ಬೇಕು. ಅಷ್ಟರೊಳಗೆ ಒಂದು ಕಡೆ ಸೈಟು ತಗೊಂಡು ಮನೆ ಕಟ್ಟೋಣ ಅಂತ ಯೋಚನೆ. ಯಾವ ಊರಲ್ಲಿ ಅನ್ನೋದೇ ಪ್ರಶ್ನೆ.

ಮಾವನವರ ಊರು ಚನ್ನಗಿರಿಗೆ ಐದಾರು ಕಿಲೋಮೀಟರ್ ದೂರದ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ ಇದೆ. ಅವರು "ಚನ್ನಗಿರೀಲೇ ತಗೊಳ್ರಿ, ಇಬ್ರಿಗೂ ನಡುಮಧ್ಯ ಆಗುತ್ತೆ" ಅಂತಾರೆ. ಬ್ರೋಕರ್ ಒಬ್ಬರು ಹೊನ್ನಾಳಿ ತೋರಿಸ್ತಿದ್ದಾರೆ. ಯಜಮಾನರ ಸಹೋದ್ಯೋಗಿಗಳು ನ್ಯಾಮತಿ ಅಂತಾರೆ. ಆಕೆಯ ಆಸ್ಪತ್ರೆಯಲ್ಲೇ ಕೆಲಸ ಮಾಡೋ ಇನ್ನೊಬ್ಬರು ಜಗಳೂರಿಂದ ದಿನಾ ಓಡಾಡ್ತಾರಂತೆ, ಅಲ್ಲಿ ಸೈಟು ಕಡಿಮೆಗೆ ಸಿಗುತ್ತೆ ಅಂತ ಅವರ ಸಲಹೆ.

ಮೊದಲು ನಕ್ಷೆ ನೋಡೋಣ. ಜಗಳೂರನ್ನ ಬೇಗ ಮುಗಿಸಿಬಿಡ್ತೀನಿ. ಅದು ದಾವಣಗೆರೆಯಿಂದ ಶಿವಮೊಗ್ಗಕ್ಕೆ ತದ್ವಿರುದ್ಧ ದಿಕ್ಕು. ಗಂಡ ಹೆಂಡತಿ ಇಬ್ಬರದ್ದೂ ದಾವಣಗೆರೆಯಲ್ಲೇ ಕೆಲಸ, ಅಥವಾ ಒಬ್ಬರದ್ದು ದಾವಣಗೆರೆ ಇನ್ನೊಬ್ಬರದ್ದು ಚಿತ್ರದುರ್ಗ ಅಂದ್ರೆ ಯೋಚನೆ ಮಾಡಬಹುದು. 57 ಕೆರೆ ತುಂಬಿಸೋ ಯೋಜನೆಯಲ್ಲಿ ತುಂಗಭದ್ರೆ ನೀರು ಆ ತಾಲ್ಲೂಕಿಗೆ ಬಂದ ಮೇಲೆ ಅಲ್ಲಿನ ಚಿತ್ರ ಬದಲಾಗ್ತಿದೆ, ಅದು ನಿಜ. ಆದ್ರೆ ಈ ದಂಪತಿಗೆ ಅದು ದಾರಿಯಲ್ಲ.

ಉಳಿದದ್ದು ಮೂರು. ನ್ಯಾಮತಿ 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದು, ಮೊದಲು ಹೊನ್ನಾಳಿಗೆ ಸೇರಿತ್ತು. ಮೇಷ್ಟ್ರಿಗೆ ಇದು ಹತ್ತಿರ, ಶಿವಮೊಗ್ಗ ಸುಮಾರು 30 ಕಿಲೋಮೀಟರ್. ಆಕೆಗೆ ಮಾತ್ರ ಹೊನ್ನಾಳಿ ದಾಟಿ ದಾವಣಗೆರೆ ಮುಟ್ಟಬೇಕು, ಬಹಳ ದೂರ. ಹೊನ್ನಾಳಿ ಹರಿಹರ–ಶಿವಮೊಗ್ಗ ರಸ್ತೆ ಮೇಲಿದೆ. ಶಿವಮೊಗ್ಗಕ್ಕೆ 40ರ ಹತ್ತಿರ, ದಾವಣಗೆರೆಗೆ 50ರ ಒಳಗೆ. ಚನ್ನಗಿರಿಯಿಂದ ಶಿವಮೊಗ್ಗಕ್ಕೆ 40ರ ಆಸುಪಾಸು, ದಾವಣಗೆರೆಗೆ 55ರಿಂದ 60.

ಬರೀ ಕಿಲೋಮೀಟರ್ ಲೆಕ್ಕದಲ್ಲಿ ಹೊನ್ನಾಳಿ ಗೆಲ್ಲುತ್ತೆ. ಚನ್ನಗಿರಿಯದ್ದು ಒಂದು ತಮಾಷೆ ಇದೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗೋವರೆಗೆ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಕಚೇರಿ ಕೆಲಸ ದಾವಣಗೆರೆಗೆ ಹೋಯ್ತು, ರಸ್ತೆ ಮಾತ್ರ ಅಲ್ಲೇ ಉಳೀತು. ಚಿತ್ರದುರ್ಗ, ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ ಅಂತ ಹೋಗೋ ಹಳೇ 13ನೇ ನಂಬರ್ ರಾಷ್ಟ್ರೀಯ ಹೆದ್ದಾರಿ ಊರನ್ನ ಶಿವಮೊಗ್ಗದ ಕಡೆ ಎಳೆಯುತ್ತೆ. ದಾವಣಗೆರೆಗೆ ಹೋಗೋರು ಸಂತೇಬೆನ್ನೂರು ಮೇಲೆ ಸುತ್ತಿಕೊಂಡು ಹೋಗ್ಬೇಕು. ರೈಲಿನ ಮಾತಂತೂ ಇಲ್ಲಿ ಇಲ್ಲವೇ ಇಲ್ಲ. ದಾವಣಗೆರೆ ಒಂದು ರೈಲು ಮಾರ್ಗದಲ್ಲಿದೆ, ಶಿವಮೊಗ್ಗ ಇನ್ನೊಂದರಲ್ಲಿ, ಎರಡೂ ಸೇರೋದು ಬೀರೂರಿನಲ್ಲಿ. ಅಂದ್ರೆ ಬಸ್ಸು, ಇಲ್ಲಾ ಬೈಕು.

ನಾನು ಆಕೆಗೆ ಫೋನ್ ಮಾಡಿ ಮೊದಲು ಕೇಳಿದ್ದು ಸೈಟಿನ ರೇಟಲ್ಲ. "ಅಮ್ಮಾ, ನಿಮ್ಮ ಡ್ಯೂಟಿ ಎಷ್ಟೊತ್ತಿಗೆ ಬಿಡುತ್ತೆ?" ಅಂದೆ. ಬೆಳಗಿನ ಶಿಫ್ಟ್ ಆದ್ರೆ ಮಧ್ಯಾಹ್ನ ಎರಡಕ್ಕೆ, ಎರಡನೇ ಶಿಫ್ಟ್ ಆದ್ರೆ ರಾತ್ರಿ ಎಂಟೂವರೆಗೆ, ನೈಟ್ ಆದ್ರೆ ಬೆಳಿಗ್ಗೆ ಎಂಟಕ್ಕೆ ಅಂದ್ರು. "ಎಂಟೂವರೆ ಆದ್ಮೇಲೆ ಚನ್ನಗಿರಿಗೆ ಬಸ್ಸು ಇದೆಯಾ? ಹೊನ್ನಾಳಿಗೆ?" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ನೋಡಿಲ್ಲ ಸರ್" ಅಂದ್ರು. ಅವರಿಗೆ ಮೂರು ಊರಲ್ಲೂ 30–40 ಸೈಟಿನ ರೇಟು ಬಾಯಿಗೆ ಬರ್ತಿತ್ತು. ಕೊನೇ ಬಸ್ಸಿನ ಟೈಮ್ ಗೊತ್ತಿರಲಿಲ್ಲ. ಇದು ಅವರೊಬ್ಬರ ತಪ್ಪಲ್ಲ ಬಿಡಿ, ನಾವೆಲ್ಲ ಸೈಟು ನೋಡೋಕೆ ಹೋಗೋದು ಭಾನುವಾರ ಬೆಳಿಗ್ಗೆ, ಕಾರಲ್ಲಿ.

ಬಸ್ಸಿನ ವಿಷಯದಲ್ಲಿ ಇನ್ನೊಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ದಿನಾ ಓಡಾಡೋ ನರ್ಸ್‌ಗಳಿಗೆ, ಟೀಚರ್‌ಗಳಿಗೆ ಇದು ಸಣ್ಣ ಉಳಿತಾಯ ಅಲ್ಲ. ಆದ್ರೆ ಶಿವಮೊಗ್ಗ, ದಾವಣಗೆರೆ ಭಾಗದಲ್ಲಿ ಖಾಸಗಿ ಬಸ್ಸುಗಳ ಓಡಾಟ ಜಾಸ್ತಿ, ಅದರಲ್ಲಿ ಶಕ್ತಿ ನಡೆಯಲ್ಲ. ಹಾಗಾಗಿ "ಬಸ್ಸಿದೆ" ಅಂತ ಯಾರಾದ್ರೂ ಹೇಳಿದ್ರೆ ಕೆಂಪು ಬಸ್ಸಾ, ಪ್ರೈವೇಟಾ, ಯಾವ ಟೈಮಿಗೆ ಯಾವುದು ಅಂತ ಬಸ್‌ಸ್ಟ್ಯಾಂಡಿಗೇ ಹೋಗಿ ಕೇಳ್ಬೇಕು.

ಈಗ ದುಡ್ಡಿನ ಲೆಕ್ಕ. ಮೇಷ್ಟ್ರದ್ದೇ ತಗೊಳ್ಳೋಣ. ಚನ್ನಗಿರಿಯಿಂದ ಶಿವಮೊಗ್ಗಕ್ಕೆ ಬೈಕಲ್ಲಿ ಹೋಗಿ ಬಂದ್ರೆ 80 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದ್ರೆ 2,000. ಲೀಟರಿಗೆ 50 ಕೊಡೋ ಬೈಕಾದ್ರೆ 40 ಲೀಟರ್. ಲೆಕ್ಕಕ್ಕೆ ಸುಲಭ ಅಂತ ಲೀಟರಿಗೆ 100 ರೂಪಾಯಿ ಹಿಡೀರಿ, 4,000 ಆಯ್ತು. ಟೈರು, ಆಯಿಲ್ಲು, ಸರ್ವೀಸು ಸೇರಿಸಿ 4,500 ಅನ್ನಿ. ಈಗ ಇನ್ನೊಂದು ಕಡೆ ನೋಡಿ. 5 ಲಕ್ಷ ಗೃಹಸಾಲಕ್ಕೆ ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಎಷ್ಟು? ಹೆಚ್ಚುಕಡಿಮೆ 4,500. ಅಂದ್ರೆ ಶಿವಮೊಗ್ಗಕ್ಕಿಂತ ಚನ್ನಗಿರೀಲಿ 5 ಲಕ್ಷ ಕಡಿಮೆಗೆ ಮನೆ ಆಯ್ತು ಅಂತ ನೀವು ಖುಷಿಪಟ್ರೆ, ಆ ಐದು ಲಕ್ಷ ಉಳಿದಿಲ್ಲ, ಬಂಕಿಗೆ ಹೋಗ್ತಿದೆ. ಕಂತು 20 ವರ್ಷ ಏರಲ್ಲ, ಅಥವಾ ಬಡ್ಡಿ ಏರಿದಷ್ಟೇ ಏರುತ್ತೆ. ಪೆಟ್ರೋಲ್ ಬಗ್ಗೆ ಆ ಮಾತು ಹೇಳೋಕಾಗಲ್ಲ.

ಆಕೆಯದ್ದು ದುಡ್ಡಿಗಿಂತ ಹೊತ್ತಿನ ಲೆಕ್ಕ. ಒಂದು ಕಡೆಗೆ ಒಂದೂವರೆ ಗಂಟೆ ಅಂದ್ರೂ ದಿನಕ್ಕೆ ಮೂರು, ತಿಂಗಳಿಗೆ 75 ಗಂಟೆ. ಎಂಟು ಗಂಟೆ ಶಿಫ್ಟ್‌ನಲ್ಲಿ ಹೇಳೋದಾದ್ರೆ ಒಂಬತ್ತು ಶಿಫ್ಟ್ ಸಂಬಳ ಇಲ್ಲದೆ ಬಸ್ಸಲ್ಲಿ ಕೂತಂಗೆ.

ಇಷ್ಟು ಹೇಳಿದ ಮೇಲೆ ನೀವೂ ಅಂದ್ಕೊಂಡಿರ್ತೀರಿ, ಹಾಗಾದ್ರೆ ಹೊನ್ನಾಳಿನೇ ಸರಿ ಅಂತ. ನಾನೂ ಹಾಗೇ ಅಂದ್ಕೊಂಡೆ. ಹೊನ್ನಾಳಿ ಒಳ್ಳೇ ಊರು, ನದಿ ದಂಡೆ ಊರು. ಒಂದೇ ಎಚ್ಚರಿಕೆ, ಮಳೆಗಾಲದಲ್ಲಿ ತುಂಗಾ, ಭದ್ರಾ ಎರಡೂ ಡ್ಯಾಮಿಂದ ನೀರು ಬಿಟ್ಟಾಗ ತಗ್ಗಿನ ಕಡೆ, ಬಾಲರಾಜ್ ಘಾಟ್ ಅಂಥ ಜಾಗದಲ್ಲಿ ಮನೆಗಳಿಗೆ ನೀರು ನುಗ್ಗುತ್ತೆ. ಹಾಗಾಗಿ ಅಲ್ಲಿ ಸೈಟು ನೋಡೋರು ಜುಲೈ, ಆಗಸ್ಟ್‌ನಲ್ಲಿ ನೋಡ್ಬೇಕು. ಜನವರಿಯಲ್ಲಿ ಎಲ್ಲಾ ಸೈಟೂ ಚೆಂದ.

ಆದ್ರೆ ಆಕೆಗೆ ನಾನು ಕೇಳಿದ ಎರಡನೇ ಪ್ರಶ್ನೆ ಎಲ್ಲಾನೂ ತಿರುಗಿಸಿಬಿಡ್ತು. "ಎಲ್‌ಕೆಜಿ ಮಗು ಮಧ್ಯಾಹ್ನಕ್ಕೆಲ್ಲ ಮನೆಗೆ ಬರುತ್ತೆ. ಆಗ ಮನೇಲಿ ಯಾರಿರ್ತಾರೆ?" ದಾವಣಗೆರೆಯಲ್ಲಿ ಪಕ್ಕದ ಮನೆಯವರು ನೋಡ್ಕೊಳ್ತಾರೆ. ಹೊನ್ನಾಳಿಯಲ್ಲಿ ಅವರಿಗೆ ಒಬ್ಬರೂ ಪರಿಚಯ ಇಲ್ಲ. ಚನ್ನಗಿರಿ ಆದ್ರೆ ಅತ್ತೆ ಬೆಳಿಗ್ಗೆ ಬಸ್ಸಿಗೆ ಬಂದು ಸಾಯಂಕಾಲ ಊರಿಗೆ ಹೋಗಬಹುದು, ಬೇಕಾದ್ರೆ ಉಳೀಬಹುದು. ಇದಕ್ಕೆ ಬೆಲೆ ಕಟ್ಟೋಕೆ ಯಾವ ಬ್ಯಾಂಕಿನ ಕ್ಯಾಲ್ಕುಲೇಟರ್‌ನಲ್ಲೂ ಜಾಗ ಇಲ್ಲ. ಹತ್ತು ಕಿಲೋಮೀಟರ್ ಜಾಸ್ತಿ ಆದ್ರೂ ನನಗೆ ಚನ್ನಗಿರಿ ಅನ್ನಿಸಿದ್ದು ಇದಕ್ಕೇ. ಮಾವ ಹೇಳಿದ ಊರೇ ಸರಿ, ಅವರು ಕೊಟ್ಟ ಕಾರಣ ಮಾತ್ರ ತಪ್ಪು. ನಡುಮಧ್ಯ ಅನ್ನೋದು ಕಾರಣ ಅಲ್ಲ. ನಡುಮಧ್ಯ ಮನೆ ಮಾಡಿದ್ರೆ ಇಬ್ಬರಿಗೂ ಸಮನಾಗಿ ಸುಸ್ತಾಗುತ್ತೆ, ಅಷ್ಟೇ.

ಆದ್ರೂ "ಈಗ್ಲೇ ಸೈಟು ತಗೋಬೇಡಿ" ಅಂದೆ. 11 ತಿಂಗಳ ಕರಾರಿಗೆ ಚನ್ನಗಿರೀಲಿ ಒಂದು ಬಾಡಿಗೆ ಮನೆ ಮಾಡಿ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿ. ಯಾಕಂದ್ರೆ ಅದು ಅಡಿಕೆ ಸೀಮೆ. 2023ರಲ್ಲಿ ಮಳೆ ಕೈಕೊಟ್ಟು ಮುಂದಿನ ಬೇಸಿಗೆಯಲ್ಲಿ ಜನ ಟ್ಯಾಂಕರ್‌ನಲ್ಲಿ ನೀರು ತಂದು ತೋಟ ಉಳಿಸ್ಕೊಂಡಿದ್ದು ಆ ಭಾಗದವರಿಗೆ ಮರೆತಿಲ್ಲ. ಊರಿನ ಅಂಚಿನ ಹೊಸ ಬಡಾವಣೆಯಲ್ಲಿ ನೀವು ಬೋರ್ ಹಾಕಿಸಿದ್ರೆ ಪಕ್ಕದ ತೋಟದ ಬೋರ್ ಜೊತೆ ಪೈಪೋಟಿಗೆ ಬಿದ್ದಂಗೆ. ಅದಕ್ಕೇ ಸೈಟು ಮಾರೋರನ್ನ ಕೇಳಬೇಡಿ, ಆ ಬೀದಿಯಲ್ಲಿ ಆಗಲೇ ಮನೆ ಕಟ್ಟಿರೋರನ್ನ ಕೇಳಿ: ಏಪ್ರಿಲ್‌ನಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ?

ಕಾಗದ ಪತ್ರದ ಬಗ್ಗೆ ಬೇರೆ ಸಂಚಿಕೆಯಲ್ಲೇ ಮಾತಾಡಿದ್ದೀವಿ, ಚುಟುಕಾಗಿ ಹೇಳ್ತೀನಿ. ಪುರಸಭೆ ವ್ಯಾಪ್ತಿ ಆದ್ರೆ ಇ-ಖಾತೆ, ಪಂಚಾಯ್ತಿ ಆದ್ರೆ ಇ-ಸ್ವತ್ತಿನ ಫಾರಂ 9 ಮತ್ತು 11. ಜಮೀನು ಭೂಪರಿವರ್ತನೆ ಆಗಿದೆಯಾ, ಬಡಾವಣೆ ನಕ್ಷೆಗೆ ಮಂಜೂರಾತಿ ಇದೆಯಾ ಅಂತ ನೋಡಿ, ಇಸಿ ತೆಗೆಸಿ. "ಮುಂದೆ ಆಗುತ್ತೆ ಬಿಡ್ರಿ" ಅನ್ನೋ ಸೈಟಿಗೆ ಮುಂಗಡ ಕೊಡಬೇಡಿ. ಇನ್ನು ತಗೊಂಡು, ಸರಿಹೋಗ್ಲಿಲ್ಲ ಅಂತ ಮಾರಿ, ಬೇರೆ ಕಡೆ ತಗೊಳ್ಳೋಣ ಅನ್ನೋದು ದುಬಾರಿ. ಸ್ಟಾಂಪ್ ಡ್ಯೂಟಿ ನೂರಕ್ಕೆ 5 ಇದೆ, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ, ಮೇಲೆ ಸೆಸ್ಸು. ಒಂದು ವರ್ಷದ ಬಾಡಿಗೆ ಅದಕ್ಕಿಂತ ಅಗ್ಗ.

ಮಾವನವರಿಗೆ ಈ ಬಾಡಿಗೆ ಮಾತು ಸರಿ ಬರಲಿಲ್ಲವಂತೆ. ಸ್ವಂತ ಊರು ಮಗ್ಗುಲಲ್ಲೇ ಇಟ್ಕೊಂಡು ಬಾಡಿಗೆ ಮನೇಲಿರೋದು ಅಂದ್ರೆ ನಾಲ್ಕು ಜನ ಏನಂತಾರೆ ಅಂತ. ಅದೂ ಒಂದು ಲೆಕ್ಕವೇ, ನಾನು ತೆಗೆದು ಹಾಕಲ್ಲ. ಆದ್ರೂ ಮೇ ತಿಂಗಳಲ್ಲಿ ಮನೆ ಮಾಡಿದ್ರು.

ಹೋದ ಭಾನುವಾರ ಆಕೆಯಿಂದ ಮತ್ತೆ ಮೆಸೇಜ್ ಬಂತು. ಬೆಳಗಿನ ಶಿಫ್ಟ್ ಸಲೀಸು. ನೈಟ್ ಡ್ಯೂಟಿ ಕಷ್ಟ ಆಗುತ್ತೆ ಅಂದ್ಕೊಂಡಿದ್ರಂತೆ, ಅದೇ ಸುಲಭ ಆಗಿದೆ, ಸಾಯಂಕಾಲದ ಬಸ್ಸಿಗೆ ಹೋಗೋದು, ಬೆಳಗಿನ ಬಸ್ಸಿಗೆ ಬರೋದು, ಎರಡು ಹೊತ್ತಲ್ಲೂ ಬಸ್ಸಿಗೆ ಬರ ಇಲ್ಲ. ಪ್ರಾಣ ತಿಂದಿದ್ದು ಎರಡನೇ ಶಿಫ್ಟು. ಎರಡು ಸಲ ಬಸ್ಸು ತಪ್ಪಿ ಆಸ್ಪತ್ರೆಯ ಡ್ಯೂಟಿ ರೂಮಲ್ಲೇ ಮಲಗಿದ್ರಂತೆ. ಈಗ ದಾವಣಗೆರೆಯಲ್ಲೇ ಮನೆ ಇರೋ ಒಬ್ಬ ಸಹೋದ್ಯೋಗಿ ಜೊತೆ ಬದಲಾಯಿಸ್ಕೊಂಡಿದ್ದಾರೆ, ಅವರ ನೈಟ್ ಇವರು ಮಾಡೋದು, ಇವರ ಎರಡನೇ ಶಿಫ್ಟ್ ಅವರು ಮಾಡೋದು. ಇದು ಎಷ್ಟು ದಿನ ನಡೆಯುತ್ತೋ ಗೊತ್ತಿಲ್ಲ ಅಂತ ಅವರೇ ಅಂದ್ರು. ನಡೀಲಿಲ್ಲ ಅಂದ್ರೆ ಚನ್ನಗಿರಿ ಕಡೆಯೇ ಕೆಲಸ ನೋಡ್ತಾರಂತೆ, ಸಂಬಳ ಕಡಿಮೆ ಆದ್ರೂ.

ಮಾವ ನೋಡಿಟ್ಟಿದ್ದ ಸೈಟು ಬೇರೆಯವರ ಪಾಲಾಯ್ತು. ಅದಕ್ಕೆ ಅವರಿಗೆ ಇನ್ನೂ ಬೇಜಾರಿದೆ. ಆದ್ರೆ ದಿನಾ ಮಧ್ಯಾಹ್ನ ಮೊಮ್ಮಗಳನ್ನ ಶಾಲೆಯಿಂದ ಕರ್ಕೊಂಡು ಬರೋಕೆ ಅತ್ತೆ ಬದಲು ಈಗ ಅವರೇ ಟಿವಿಎಸ್ ತಗೊಂಡು ಬರ್ತಾರಂತೆ.

ನಿಮ್ಮ ಊರಿನ ಲೆಕ್ಕ ಬೇರೆ ಇರಬಹುದು, ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.