ಸುಗ್ಗಿ ಮುಗಿದ ಮೇಲಿನ ಸ್ನಾನ

ಜಪಾನಿನ ಬಿಸಿನೀರಿನ ಬುಗ್ಗೆ ಎಂದೊಡನೆ ಪ್ರವಾಸಿಗರ ವಿಲಾಸ ನೆನಪಾಗುತ್ತದೆ. ಆದರೆ ಈಶಾನ್ಯದ ಮಿಯಾಗಿ ಪ್ರಾಂತದ ನಾರುಕೊದಂಥ ಊರುಗಳಲ್ಲಿ ಅದು ಬೇಸಾಯದ ಅಂಗವೇ ಆಗಿತ್ತು. ನಾಟಿ, ಕೊಯ್ಲು ಮುಗಿಸಿದ ರೈತರು ಅಕ್ಕಿ, ಸೋಯಾ ಕಾಳಿನ ಮಿಸೊ ಹೊತ್ತು ಬಂದು, ತಾವೇ ಅಡುಗೆ ಮಾಡಿಕೊಂಡು, ದಿನಗಟ್ಟಲೆ ಬಿಸಿನೀರಿನಲ್ಲಿ ಮೈನೋವು ಕಳೆಯುತ್ತಿದ್ದರು. ಈ ಪದ್ಧತಿಗೆ ‘ತೋಜಿ’ ಎಂದು ಹೆಸರು. ತೊಟ್ಟಿಗಿಳಿಯುವ ಮೊದಲು ಮೈ ತೊಳೆದುಕೊಳ್ಳಲೇಬೇಕು. ಏಕೆಂದರೆ ನೀರು ಎಲ್ಲರಿಗೂ ಸೇರಿದ್ದು.

ಇಂದು ಯುವಕರು ನಗರ ಸೇರಿದ್ದಾರೆ. ಗದ್ದೆಗಳಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರೇ. ಹಳ್ಳಿಗಳಿಗೆ ಆಸರೆಯಾಗಲೆಂದು ರೈತರ ಮನೆಗಳಲ್ಲಿ ಅತಿಥಿಗಳ ವಾಸ್ತವ್ಯವನ್ನು ಪ್ರೋತ್ಸಾಹಿಸುವ ಕಾಯಿದೆ 1994ರಲ್ಲಿ ಬಂತು. ಹಗಲು ಗದ್ದೆಗಿಳಿದ ಅತಿಥಿಗೆ ಸಂಜೆಯ ಬಿಸಿನೀರಿನ ಬೆಲೆ ತಾನಾಗಿಯೇ ತಿಳಿಯುತ್ತದೆ. ಬುಗ್ಗೆಯೇನೋ ಉಕ್ಕುತ್ತಲೇ ಇರಬಹುದು. ದಣಿದು ಬರುವ ರೈತನೇ ಇಲ್ಲವಾದರೆ ತೋಜಿ ಉಳಿಯುವುದು ಹೇಗೆ?