ನನಗೊಪ್ಪುವ ಉಡುಗೆ



ಹೆಣ್ಣುಮಕ್ಕಳು ಉಡುವುದರಲ್ಲಿ, ತೊಡುವುದರಲ್ಲಿ ತಮ್ಮದೇ ಆದ ಒಂದು ರೀತಿಯನ್ನು ಅಳುಕಿಲ್ಲದೆ ರೂಢಿಸಿಕೊಳ್ಳುವುದು ಹೇಗೆ? ಈ ಹೊತ್ತು ನಿಮ್ಮ ಮುಂದೆ ನಾನು ಮಾತಾಡಬೇಕಾದ ವಿಷಯ ಇದು. ಕೇಳಿದೊಡನೆಯೇ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕುಬಿಟ್ಟರು. “ನೀಲಿ ಬಿಟ್ಟರೆ ಕೆಂಪು, ಕೆಂಪು ಬಿಟ್ಟರೆ ನೀಲಿ. ಮೂರನೆಯ ಬಣ್ಣ ಉಡದವಳು ನೀನೇನು ಹೇಳುತ್ತೀ?” ಎಂದರು. ಮಾತು ನಿಜವೇ. ಆದರೆ ಆ ಎರಡು ಬಣ್ಣಗಳನ್ನು ನನ್ನವೆಂದು ಆರಿಸಿಕೊಳ್ಳಲು ನನಗೆ ಎಷ್ಟು ವರ್ಷ ಹಿಡಿಯಿತೆಂಬುದು ಅವರಿಗೆ ಗೊತ್ತಿಲ್ಲ.

1974ನೆಯ ಇಸವಿಯ ಜೂನ್ ತಿಂಗಳು. ಧಾರವಾಡದ ಕಡೆಯ ಒಂದು ಶಾಲೆಯಲ್ಲಿ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಮೊದಲ ದಿನ ಚೆನ್ನಾಗಿ ಕಾಣಬೇಕಲ್ಲ! ಮುಂಬಯಿಯಿಂದ ಬಂದಿದ್ದ ಅತ್ತಿಗೆಯ ನೈಲಾನ್ ಸೀರೆಯನ್ನು ಕೇಳಿ ಇಸಿದುಕೊಂಡೆ. ತಿಳಿಗುಲಾಬಿ ಬಣ್ಣ, ಹೊಸ ನಮೂನೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, “ಕಾಲಾಗ ತೊಡರತದ, ಜ್ವಾಕಿ” ಎಂದಷ್ಟೇ ಅಂದಳು. ಮುಂಗಾರಿನ ಗಾಳಿ ಕಿಟಕಿಯಿಂದ ಬೀಸುತ್ತಿತ್ತು. ನಾನು ಹಲಗೆಯ ಮೇಲೆ ಬರೆಯಲು ಕೈಯೆತ್ತಿದಾಗಲೆಲ್ಲ ಸೆರಗು ಜಾರುವುದು, ಎಡಗೈ ಅದನ್ನು ಹಿಡಿಯುವುದು, ಸುಣ್ಣದ ಕಡ್ಡಿ ಕೆಳಗೆ ಬೀಳುವುದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದಲೇ, “ಅಕ್ಕೋರs, ಸೆರಗ ಜಾರತದರಿ” ಎಂದಳು. ಇಡೀ ತರಗತಿ ನಕ್ಕಿತು. ಆ ದಿನ ಏನು ಪಾಠ ಹೇಳಿದೆನೋ ನನಗೆ ಈಗಲೂ ನೆನಪಿಲ್ಲ. ಸೆರಗು ಎಷ್ಟು ಸಲ ಜಾರಿತೆಂಬುದು ಮಾತ್ರ ನೆನಪಿದೆ.

ಮರುದಿನ ಅವ್ವನ ಹಳೆಯ ಇಳಕಲ್ಲ ಸೀರೆಯೊಂದನ್ನು ಉಟ್ಟು ಹೋದೆ. ಅದರೊಂದಿಗೇ ನಾನು ಧೀರಳಾಗಿಬಿಟ್ಟೆನೆಂದು ತಿಳಿಯಬೇಡಿ. ಅಂದೂ ಪಾಠ ಎರಡು ಕಡೆ ತಪ್ಪಿತು. ಆದರೆ ನನ್ನ ಎರಡೂ ಕೈಗಳು ನನ್ನ ಕೆಲಸಕ್ಕೆ ಬಿಡುವಾಗಿದ್ದವು. ಸೀರೆಯ ಯೋಚನೆ ನನಗೂ ಬರಲಿಲ್ಲ, ಮಕ್ಕಳಿಗೂ ಬರಲಿಲ್ಲ. ಇಂದಿಗೂ ಬಟ್ಟೆಯನ್ನು ನಾನು ಪರೀಕ್ಷಿಸುವುದು ಹೀಗೆಯೇ: ಉಟ್ಟ ಮೇಲೆ ಅದನ್ನು ಮರೆತು ಕೆಲಸ ಮಾಡುವುದು ಸಾಧ್ಯವೇ?

ಇಳಕಲ್ಲ ಸೀರೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ನೂಲಿನದು, ಸೆರಗು ಕೆಂಪು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ‘ತೋಪ ತೆನಿ’ ಎಂಬ ಹೆಸರು ಬಂದದ್ದು ಈ ಸೆರಗಿನಿಂದಲೇ. ದಿನದ ದುಡಿಮೆಗೆ ನೂಲು, ಹೆಗಲ ಮೇಲೆ ಒಂದಿಷ್ಟು ಸೊಗಸು. ನಮ್ಮ ಅವ್ವಂದಿರಿಗೆ ಚೆನ್ನಾಗಿ ಕಾಣುವುದೂ ದುಡಿಯುವುದೂ ಬೇರೆ ಬೇರೆ ಪೆಟ್ಟಿಗೆಯ ಬಟ್ಟೆಗಳಾಗಿರಲಿಲ್ಲ.

“ಹಿಂದಿನಿಂದ ಬಂದ ರೀತಿ ಬಿಟ್ಟು ನಾನು ಬೇರೆ ರೀತಿ ಉಟ್ಟರೆ ಜನ ಏನೆಂದಾರು?” ಎಂದು ಅನೇಕರು ಅಳುಕುತ್ತಾರೆ. ಹಿಂದಿನ ರೀತಿ ಎಂಬುದು ಒಂದೇ ಎಲ್ಲಿದೆ ಹೇಳಿ! ಹೊಲಕ್ಕೆ ಹೋಗುವ ಹೆಂಗಸು ಕಚ್ಚೆ ಹಾಕಿ ಉಟ್ಟಳು. ಕೊಡಗಿನವರು ನಿರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿ, ಸೆರಗನ್ನು ಬಲ ಹೆಗಲಿಗೆ ತಂದರು. ಈಗ ನಾವೆಲ್ಲ ನಿರಿಗೆ ಮುಂದೆ ಮಾಡಿ, ಒಳಲಂಗ ರವಿಕೆ ತೊಟ್ಟು, ಎಡ ಹೆಗಲ ಮೇಲೆ ಸೆರಗು ಹೊದೆಯುವ ಈ ರೀತಿ ಹೆಚ್ಚು ಹಬ್ಬಿದ್ದರಲ್ಲಿ ಬಂಗಾಳದ ಜ್ಞಾನದಾನಂದಿನಿ ದೇವಿಯವರ ಪಾಲು ದೊಡ್ಡದು. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರ ಹೆಂಡತಿ ಆಕೆ. 1860ರ ದಶಕದಲ್ಲಿ ಗಂಡನೊಡನೆ ಮುಂಬಯಿಗೆ ಹೊರಟಾಗ, ಮನೆಯೊಳಗೆ ಉಡುತ್ತಿದ್ದ ಸೀರೆಯಲ್ಲಿ ಹೊರಗೆ ನಾಲ್ಕು ಜನರ ನಡುವೆ ಓಡಾಡುವುದು ಕಷ್ಟವಾಯಿತು. ಅಲ್ಲಿಯ ಪಾರಸಿ ಹೆಂಗಸರು ಉಡುವುದನ್ನು ನೋಡಿ ಕಲಿತು, ಬಲಗೈ ಬಿಡುವಾಗಿರಲೆಂದು ಸೆರಗನ್ನು ಎಡಕ್ಕೆ ಬದಲಿಸಿಕೊಂಡರು. ತನಗೆ ಬೇಕಾದುದನ್ನು ಎರವಲು ತಂದು, ತನ್ನ ಅಳತೆಗೆ ತಿದ್ದಿಕೊಂಡರು. ನಾನು ನೈಲಾನ್ ಸೀರೆಯನ್ನು ತಂದೆನೇ ಹೊರತು ತಿದ್ದಿಕೊಳ್ಳಲಿಲ್ಲ!

ಹಾಗಾದರೆ ಮಾಡಬೇಕಾದದ್ದೇನು? ಅಂಗಡಿಯ ದೀಪದಲ್ಲಿ ಬಣ್ಣ ನೋಡಬೇಡಿ, ಬಾಗಿಲ ಬೆಳಕಿಗೆ ತಂದು ನೋಡಿ. ಹೊಸದನ್ನು ಮದುವೆಯ ಮನೆಯಲ್ಲೇ ಮೊದಲು ಉಡಬೇಡಿ. ಮನೆಯಲ್ಲಿ ಒಂದು ತಾಸು ಉಟ್ಟು ಕೂತು, ಎದ್ದು, ಬಾಗಿ, ಅಟ್ಟದ ಮೇಲಿನ ಡಬ್ಬಿ ಇಳಿಸಿ ನೋಡಿ. ಸೀರೆಗೆ ಸಾವಿರ ಕೊಟ್ಟು ಹೊಲಿಗೆಗೆ ಜಿಪುಣತನ ಮಾಡುವವರೇ ಹೆಚ್ಚು. ತೋಳು ಬಿಗಿದ ರವಿಕೆ ಎಂಥ ಸೀರೆಯನ್ನಾದರೂ ಕೆಡಿಸುತ್ತದೆ. ನಿಮ್ಮ ಮಗಳು ಚೂಡಿದಾರ ತೊಡಲಿ, ಪ್ಯಾಂಟು ತೊಡಲಿ, ಮಾತು ಇದೇ.

ಇಷ್ಟೆಲ್ಲ ಸುಲಭದ ಭಾಗ. ಕಷ್ಟದ್ದು ಬೇರೆ ಇದೆ. ‘ನೀನು ಕಪ್ಪು, ನಿನಗೆ ಗಾಢ ಬಣ್ಣ ಒಪ್ಪುವುದಿಲ್ಲ’ ಎಂದು ಚಿಕ್ಕಂದಿನಲ್ಲೇ ಕಿವಿಗೆ ಬಿದ್ದ ಮಾತನ್ನು ಹೊರಗೆ ಹಾಕುವುದು. ಆ ತಿಳಿಗುಲಾಬಿ ಸೀರೆಯನ್ನು ನಾನು ಆರಿಸಿದ್ದಕ್ಕೂ ಆ ಮಾತೇ ಕಾರಣ. ನನ್ನಿಂದ ಅದನ್ನು ಬಿಡಿಸಿದವಳು ನನ್ನ ಚಿಗವ್ವ.

ಚಿಗವ್ವನದು ನನಗಿಂತ ಒಂದು ಪಟ್ಟು ಹೆಚ್ಚು ಕಪ್ಪು ಬಣ್ಣ. ಇಪ್ಪತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡಳು. ಬಣ್ಣದ ಸೀರೆಗಳನ್ನೆಲ್ಲ ನಾದಿನಿಯರು ಹಂಚಿಕೊಂಡರು. ಆಕೆ ಕಸೂತಿ ಹಾಕಿ ಹೊಟ್ಟೆ ಹೊರೆಯುತ್ತಿದ್ದಳು. ಗವಂತಿ, ಮುರಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಬರುತ್ತಿದ್ದವು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿಯೇ ಹಾಕುವ ಕೆಲಸ ಅದು. ಐದಾರು ವರ್ಷ ಊರವರ ಬಣ್ಣಗಳಲ್ಲಿ ಕಣ್ಣಿಟ್ಟು ಕುಳಿತವಳು, 1979ರಲ್ಲಿ ತನ್ನ ದುಡ್ಡಿನಲ್ಲೇ ಗಾಢ ನೀಲಿಯ ಒಂದು ಸೀರೆ ಕೊಂಡು, ಉಟ್ಟು, ಅಣ್ಣನ ಮಗನ ಮದುವೆಗೆ ಬಂದಳು. ಹಿರಿಯರೊಬ್ಬರು ಎಲ್ಲರ ಮುಂದೆಯೇ, “ನಿನಗ್ಯಾತಕ ಬೇಕಾಗಿತ್ತು ಈ ಬಣ್ಣ?” ಎಂದರು. ಚಿಗವ್ವ ದನಿಯೇರಿಸಲಿಲ್ಲ. “ಹಗಲೆಲ್ಲಾ ಬಣ್ಣದ ನೂಲ ಎಣಸ್ಕೋತ ಕುಂದರಾಕಿ ನಾನು, ಅತ್ತಿ. ನನಗ ಯಾವುದು ಒಪ್ಪತದ ಅನ್ನೋದು ನನಗ ಗೊತ್ತದ” ಎಂದಳು. ಅಂದು ಆಕೆಯನ್ನು ಅಕ್ಷತೆಗೆ ಯಾರೂ ಮುಂದೆ ಕರೆಯಲಿಲ್ಲ. ಹಿಂದಿನ ಜಮಖಾನೆಯ ಮೇಲೆ ಕುಳಿತಳು. ನಾನೂ ಎದ್ದುಹೋಗಿ ಪಕ್ಕದಲ್ಲಿ ಕೂಡಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಮುಂದಿನ ಮದುವೆಗೂ ಆಕೆ ಅದೇ ಸೀರೆಯುಟ್ಟು ಬಂದಳು. ಅದರ ಮುಂದಿನದಕ್ಕೂ ಬಂದಳು. ಅಷ್ಟು ಹೊತ್ತಿಗೆ ಹೆಣ್ಣುಮಕ್ಕಳು, “ಈ ಬಣ್ಣ ಎಲ್ಲಿ ಸಿಗತದ?” ಎಂದು ಕೇಳತೊಡಗಿದ್ದರು.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಓದಿದರು, ಮರುಮದುವೆಯಾದರು, 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದು ಸೆರೆಮನೆ ಕಂಡರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮುಖ್ಯಸ್ಥೆಯಾದರು. ಚಿತ್ರಗಳಲ್ಲಿ ಅವರ ಕೈಮಗ್ಗದ ಸೀರೆಗಳನ್ನು ನೋಡುವಾಗ ನನಗೆ ಚಿಗವ್ವನೇ ನೆನಪಾಗುತ್ತಾಳೆ. ಚಿಗವ್ವ ಅವರ ಹೆಸರನ್ನು ಕೇಳಿದ್ದಳೋ ಇಲ್ಲವೋ!

ಆ ನೀಲಿ ಸೀರೆ ಈಗ ನನ್ನಲ್ಲಿದೆ. ಈ ಭಾಷಣಕ್ಕೆ ಬರುವಾಗ ಅದನ್ನೇ ಉಟ್ಟು ಬಂದಿದ್ದೇನೆ. ಬಾನುಲಿಯಲ್ಲಿ ನಿಮಗೆ ಕಾಣದು, ಆದ್ದರಿಂದ ಹೇಳುತ್ತೇನೆ: ಗಾಢ ನೀಲಿ ಒಡಲು, ಕೆಂಪು ಸೆರಗು, ದಡಿ ಎರಡು ಕಡೆ ಹರಿದಿದೆ, ಅಲ್ಲಿ ನಾನು ಹಾಕಿದ ಹೊಲಿಗೆ ಅಷ್ಟೇನೂ ನೆಟ್ಟಗಿಲ್ಲ.