ಅಂಗಳಕ್ಕೊಂದು ಮರ: ಅಂಧೇರಿಗೆ ಪಾಪ್ಲರ್ ಏಕೆ ಒಗ್ಗದು, ಹೂವರಸಿ ಏಕೆ ಒಗ್ಗುವುದು

ಪಂಜಾಬ್, ಹರಿಯಾಣ ಮತ್ತು ಉತ್ತರಾಖಂಡದ ತರಾಯಿ ಪ್ರದೇಶಗಳಲ್ಲಿ ಸಂಚರಿಸಿದವರು ಗೋಧಿಯ ಹೊಲಗಳ ಅಂಚಿನಲ್ಲಿ ನೆಟ್ಟಗೆ ಸಾಲುಗಟ್ಟಿ ನಿಂತ ಪಾಪ್ಲರ್ ಮರಗಳನ್ನು ಕಂಡಿರುತ್ತಾರೆ. ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ ತುಸು ಗಾಳಿಗೂ ಇಡೀ ಮರ ಮಿನುಗಿದಂತೆ ತೋರುತ್ತದೆ. ಉತ್ತರ ಅಮೆರಿಕದಿಂದ ಬಂದ ಈ ಜಾತಿ ಆರರಿಂದ ಎಂಟು ವರ್ಷಗಳಲ್ಲಿ ಕಟಾವಿಗೆ ಸಿದ್ಧವಾಗುತ್ತದೆ. ಪ್ಲೈವುಡ್ ಮತ್ತು ಬೆಂಕಿಕಡ್ಡಿಯ ಉದ್ಯಮಗಳು ಇದನ್ನು ನಂಬಿಕೊಂಡಿವೆ. ಇಷ್ಟು ಬೇಗ ಬೆಳೆಯುವ, ಇಷ್ಟು ಕಡಿಮೆ ಜಾಗ ಹಿಡಿಯುವ ಮರವೊಂದು ತಮ್ಮ ಸೊಸೈಟಿಯ ಆವರಣದಲ್ಲಿಯೂ ಇರಲೆಂದು ಅಂಧೇರಿಯ ನಿವಾಸಿಗಳಿಗೆ ಅನಿಸಿದರೆ ಅದು ಸಹಜವೇ.

ಆದರೆ ಪಾಪ್ಲರ್ ಚಳಿಯನ್ನು ಬೇಡುವ ಮರ. ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಾಂತಿ ಪಡೆದ ಬಳಿಕವೇ ಅದು ಚೆನ್ನಾಗಿ ಚಿಗುರುವುದು. ಭಾರತದಲ್ಲಿ ಸುಮಾರು 28 ಡಿಗ್ರಿ ಅಕ್ಷಾಂಶದಿಂದ ಉತ್ತರಕ್ಕೆ ಮಾತ್ರ ಅದರ ಬೇಸಾಯ ಫಲಕಾರಿಯಾಗಿರುವುದು ಈ ಕಾರಣದಿಂದ. ಮುಂಬಯಿ ಇರುವುದು 19 ಡಿಗ್ರಿಯಲ್ಲಿ. ಇಲ್ಲಿ ಚಳಿಗಾಲವೆಂಬುದು ಕೆಲವು ಮುಂಜಾವುಗಳ ಮಾತು. ಇದಲ್ಲದೆ ನೀರನ್ನರಸಿ ಚರಂಡಿ ಮತ್ತು ಕೊಳವೆಗಳ ಬಿರುಕುಗಳೊಳಗೆ ನುಗ್ಗುವುದು ಪಾಪ್ಲರ್ ಬೇರಿನ ಸ್ವಭಾವ. ಒತ್ತೊತ್ತಾಗಿ ಕಟ್ಟಡಗಳಿರುವ ಉಪನಗರಕ್ಕೆ ಅಂಥ ಅತಿಥಿ ತಕ್ಕುದಲ್ಲ.

ಪಾಪ್ಲರಿನ ಹೆಸರನ್ನು ಹೊತ್ತ ಬೇರೊಂದು ಮರ ಮಾತ್ರ ಈ ಕರಾವಳಿಯದೇ ಆಗಿದೆ. ಕನ್ನಡದಲ್ಲಿ ಹೂವರಸಿ, ಮರಾಠಿಯಲ್ಲಿ ಭೇಂಡಿ ಎನಿಸಿಕೊಂಡ ಆ ಮರದ ಸಸ್ಯಶಾಸ್ತ್ರೀಯ ನಾಮ ಥೆಸ್ಪೀಸಿಯ ಪಾಪುಲ್ನಿಯ. ಪಾಪುಲ್ನಿಯ ಎಂದರೆ ಪಾಪ್ಲರಿನಂತಹುದು. ಹೃದಯಾಕಾರದ ಎಲೆಯನ್ನು ಕಂಡು ಇಟ್ಟ ಹೆಸರು. ದಕ್ಷಿಣ ಮುಂಬಯಿಯ ಭೇಂಡಿ ಬಜಾರಿಗೆ ಈ ಮರಗಳಿಂದಲೇ ಆ ಹೆಸರು ಬಂದಿತೆಂಬ ಅಭಿಪ್ರಾಯವೂ ಇದೆ. ಬೆಳಿಗ್ಗೆ ಹಳದಿಯಾಗಿ ಅರಳಿ, ಒಡಲಲ್ಲಿ ಕಡುಗೆಂಪು ಚುಕ್ಕೆ ತೋರುವ ಹೂವು ಸಂಜೆಯ ಹೊತ್ತಿಗೆ ಕೆನ್ನೀಲಿ ಬೆರೆತ ಗುಲಾಬಿಯಾಗಿ ಬಾಡುತ್ತದೆ. ಎಲೆಯನ್ನು ಸುರುಳಿ ಸುತ್ತಿ ಪೀಪಿ ಊದುವ ಮಕ್ಕಳಿಗೆ ಇದಕ್ಕಿಂತ ಅಗ್ಗದ ಆಟಿಕೆ ಇಲ್ಲ.

ಅಂಧೇರಿಯ ನೆಲದ ಗುಣವನ್ನು ನೋಡಿದರೆ ಈ ಆಯ್ಕೆಯ ಔಚಿತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸುಮಾರು 60 ಮೀಟರ್ ಎತ್ತರ ನಿಂತ ಗಿಲ್ಬರ್ಟ್ ಗುಡ್ಡದ ಕಪ್ಪು ಬಸಾಲ್ಟ್ ಶಿಲೆ ಇಲ್ಲಿಯ ಮೂಲ ನೆಲ. ಆದರೆ ಪಶ್ಚಿಮದಲ್ಲಿ, ವರ್ಸೋವಾ ಮತ್ತು ಲೋಖಂಡವಾಲಾ ಕಡೆಗೆ, ಹಲವು ಕಟ್ಟಡಗಳು ಜೌಗು ತುಂಬಿಸಿದ ಜಾಗದಲ್ಲಿ ಎದ್ದಿವೆ. ಅಲ್ಲಿ ಒಂದೆರಡು ಅಡಿ ಅಗೆದರೆ ಇಟ್ಟಿಗೆಯ ಚೂರು, ಸಿಮೆಂಟಿನ ಹೆಂಟೆ, ಅದರ ಕೆಳಗೆ ಉಪ್ಪಿನ ಅಂಶವುಳ್ಳ ಜೇಡಿ. ಸಮುದ್ರದ ಗಾಳಿಯೂ ಉಪ್ಪನ್ನೇ ತರುತ್ತದೆ. ಕಡಲಂಚಿನಲ್ಲಿ ಹುಟ್ಟಿ ಬೆಳೆದ ಹೂವರಸಿಗೆ ಇದು ಹೊಸತಲ್ಲ. ಹೊಂಗೆ ಮತ್ತು ಸುರಹೊನ್ನೆಗಳೂ ಇದೇ ಗುಂಪಿಗೆ ಸೇರಿದವು. ಉಡುಪಿ, ಮಂಗಳೂರುಗಳಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಿಗೆ ಇವುಗಳ ಪರಿಚಯ ಬೇರೆ ಮಾಡಿಸಬೇಕಾಗಿಲ್ಲ. ಊರಿನ ನೆನಪಿಗೆಂದು ಅವರು ಮೊದಲು ನೆಡುವುದು ತೆಂಗನ್ನು. ಕೆಳಗೆ ಕಾರು ನಿಲ್ಲುವ, ಮಕ್ಕಳು ಆಡುವ ಕಡೆ ಅದು ವಿವೇಕದ ಆಯ್ಕೆಯಲ್ಲ. ಮಳೆಗಾಲಕ್ಕೆ ಮುನ್ನ ಕಾಯಿ ಕೀಳಿಸುವ ಏರ್ಪಾಡು ವರ್ಷ ವರ್ಷವೂ ಇದ್ದರೆ ಮಾತು ಬೇರೆ.

ಮರದ ಆಯ್ಕೆಯೆಂಬುದು ಕೇವಲ ಅಲಂಕಾರದ ಪ್ರಶ್ನೆಯಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಮುಂಬಯಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮರಗಳು ಉರುಳಿದವು. ಪ್ರತಿ ಮಳೆಗಾಲದಲ್ಲಿಯೂ ಮರ ಬಿದ್ದು ಜೀವಹಾನಿಯಾದ ಸುದ್ದಿ ಬರುತ್ತದೆ. ಮಡಗಾಸ್ಕರದಿಂದ ಬಂದ ಗುಲ್‌ಮೊಹರ್ ನೋಟಕ್ಕೆ ಚೆಲುವು. ಆದರೆ ಬೇರು ಮೇಲುಮೇಲಕ್ಕೆ, ಕೊಂಬೆ ಪೆಡಸು. ಆದರೂ ದೋಷವನ್ನೆಲ್ಲ ಮರದ ಮೇಲೆ ಹೊರಿಸುವುದು ನ್ಯಾಯವಲ್ಲ. ಕಾಂಡದ ಬುಡದವರೆಗೂ ಕಾಂಕ್ರೀಟು ಮತ್ತು ನೆಲಹಾಸಿನ ಬಿಲ್ಲೆಗಳನ್ನು ಒತ್ತಿ ಹಾಸಿದರೆ ಬೇರಿಗೆ ನೀರೂ ಗಾಳಿಯೂ ಇಲ್ಲದಾಗುತ್ತದೆ. ಕೇಬಲ್ಲಿಗಾಗಿ, ಚರಂಡಿಗಾಗಿ ಕಂದಕ ತೋಡುವಾಗ ಒಂದು ಬದಿಯ ಬೇರುಗಳನ್ನು ಕಡಿದು ಮಣ್ಣು ಮುಚ್ಚಿಬಿಡುತ್ತಾರೆ. ಮೇಲೆ ಹಸಿರು ಹಾಗೆಯೇ ಇರುವುದರಿಂದ ಯಾರಿಗೂ ಸಂಶಯ ಬಾರದು. ಎರಡು ವರ್ಷದ ಬಳಿಕ ಒಂದು ಜೋರು ಮಳೆಗೆ ಮರ ಬುಡಸಹಿತ ಮಗುಚಿದಾಗ, ಜಾತಿಯೇ ಕೆಟ್ಟದ್ದೆಂದು ತೀರ್ಮಾನವಾಗುತ್ತದೆ! ಹೊಸ ಗಿಡದ ಸುತ್ತ ಕನಿಷ್ಠ ಒಂದು ಮೀಟರ್ ನೆಲವನ್ನು ತೆರೆದು ಬಿಡುವುದು ಹೂವರಸಿಗೂ ಅನಿವಾರ್ಯ.

ನೆಡುವ ಜಾಗವನ್ನು ಗೊತ್ತುಪಡಿಸುವಾಗ ಕಟ್ಟಡದ ಗೋಡೆಯಿಂದ ಮೂರು ಮೀಟರಿಗೆ ಕಡಿಮೆಯಾಗದ ಅಂತರವಿರಬೇಕು. ಅಗ್ನಿಶಾಮಕ ವಾಹನ ಬರುವ ದಾರಿ, ಒಳಚರಂಡಿಯ ಸಾಲು ಇವೆರಡನ್ನೂ ತಪ್ಪಿಸಬೇಕು. ಅಂಧೇರಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿರುವುದರಿಂದ, ಆವರಣದ ನಡುವಿಗಿಂತ ಮೂಲೆಯಲ್ಲಿ, ಎಲ್ಲೆಗೋಡೆಯ ಬಳಿಯಲ್ಲಿ ನೆಟ್ಟ ಮರಕ್ಕೆ ಉಳಿಯುವ ಅವಕಾಶ ಹೆಚ್ಚು.

ಹೂವರಸಿಯ ದಪ್ಪ ಕೊಂಬೆಯನ್ನು ನೆಲದಲ್ಲಿ ಹುಗಿದರೂ ಚಿಗುರುತ್ತದೆ. ತೋಟಗಾರರು ಸುಲಭವೆಂದು ಹೀಗೆ ಮಾಡುವುದುಂಟು. ಆದರೆ ಹಾಗೆ ಬೆಳೆದ ಮರದ ತಿರುಳು ಟೊಳ್ಳಾಗುವ ಸಂಭವವಿದೆ. ಬೀಜದಿಂದ ಎಬ್ಬಿಸಿದ, ಆಳೆತ್ತರದ ಸಸಿಯೇ ಮೇಲು. ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ, ಜೂನ್ ನಡುವಿನಿಂದ ಜುಲೈ ಒಳಗೆ, ಮೂರಡಿ ಉದ್ದಗಲ ಮತ್ತು ಆಳದ ಗುಂಡಿಯಲ್ಲಿ ನೆಡಬೇಕು. ಗುಂಡಿಯಿಂದ ತೆಗೆದ ಕಟ್ಟಡದ ಕಸವನ್ನು ಮತ್ತೆ ಅದರೊಳಗೇ ತುಂಬಬಾರದು. ಕೆಮ್ಮಣ್ಣು ಮತ್ತು ಕಳಿತ ಗೊಬ್ಬರ ಸಾಕು. ಬಿದಿರಿನ ಊರೆಗೋಲಿಗೆ ಸಡಿಲವಾಗಿ ಕಟ್ಟಬೇಕು. ಮಳೆ ನಿಂತ ಅಕ್ಟೋಬರದಿಂದ ಮುಂದಿನ ಮೇ ತನಕ ನೀರು ತಪ್ಪಬಾರದು, ಮೊದಲ ಎರಡು ಮೂರು ವರ್ಷ. ಅನೇಕ ಗಿಡಗಳು ಸಾಯುವುದು ಈ ಅವಧಿಯಲ್ಲಿಯೇ. ವನಮಹೋತ್ಸವದ ದಿನ ಛಾಯಾಚಿತ್ರಕ್ಕೆ ನಿಂತವರಲ್ಲಿ ಮಾರ್ಚ್ ತಿಂಗಳಲ್ಲಿ ಬಕೆಟ್ಟು ಹಿಡಿದು ಬರುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳಿತು.

ಈ ಮರಕ್ಕೂ ಒಂದು ಕುಂದು ಉಂಟು. ಹತ್ತಿಯ ಬಂಧುವಾದ ಕಾರಣ, ಬಲಿತ ಕಾಯಿಗಳ ಬೀಜಕ್ಕೆ ಹತ್ತಿಯ ಕೆಂಪು ತಿಗಣೆಗಳು ಗುಂಪಾಗಿ ಬರುತ್ತವೆ. ಅವು ಮನುಷ್ಯರಿಗೆ ಕೇಡು ಮಾಡುವುದಿಲ್ಲ. ಬಿದ್ದ ಕಾಯಿಗಳನ್ನು ಗುಡಿಸಿ ತೆಗೆದರೆ ಸಾಕು. ಈ ಕಾರಣಕ್ಕೆ ಮರವನ್ನೇ ಕಡಿಸಲು ಹೊರಡುವುದು ಅತಿಯಾಗುತ್ತದೆ.

ಕಡಿಯುವುದು ಸ್ವಂತ ಇಚ್ಛೆಯ ವಿಷಯವೂ ಅಲ್ಲ. ಮಹಾರಾಷ್ಟ್ರದ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯಿದೆ 1975ರಿಂದ ಜಾರಿಯಲ್ಲಿದ್ದು, ಖಾಸಗಿ ಆವರಣದ ಮರಕ್ಕೂ ಅನ್ವಯಿಸುತ್ತದೆ. ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಇಲ್ಲದೆ ಕಡಿದರೆ ದಂಡಕ್ಕೂ ಸೆರೆವಾಸಕ್ಕೂ ಅವಕಾಶವಿದೆ. 2021ರ ತಿದ್ದುಪಡಿಯು 50 ವರ್ಷ ಮೀರಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಗುರುತಿಸಿದೆ. ಕೊಂಬೆ ಸವರುವುದಕ್ಕೂ ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಮೊದಲು ಅರ್ಜಿ ಕೊಡಬೇಕು. ಮಳೆಗೆ ಮುನ್ನ ಕೆಲಸ ಮುಗಿಯಬೇಕಾದ್ದರಿಂದ, ಒಣಗಿದ ಅಥವಾ ಒಂದೇ ಬದಿಗೆ ವಾಲಿದ ಕೊಂಬೆಗಳನ್ನು ಚಳಿಗಾಲದಲ್ಲಿಯೇ ಪರಿಶೀಲಿಸಿ, ಬೇಸಗೆ ಏರುವ ಮೊದಲು ಅರ್ಜಿ ಸಲ್ಲಿಸುವುದು ಸೊಸೈಟಿಯ ಕಾರ್ಯದರ್ಶಿಯ ಹೊಣೆ.